ಬೆನ್ನಿನ ನೀರು ತೆಗೆಯಲು ಒಪ್ಪಬೇಕೇ? ದುಬೈ, ಅಬುಧಾಬಿ ಆಸ್ಪತ್ರೆಯಿಂದ ಕರೆ ಬಂದಾಗ ಮನೆಯವರು ತಿಳಿದಿರಬೇಕಾದ್ದು

ಕೊಲ್ಲಿಯಿಂದ ಊರಿಗೆ ಬರುವ ಕರೆಗಳಲ್ಲಿ ಮನೆಯವರನ್ನು ಕಂಗೆಡಿಸುವ ಕರೆ ಒಂದಿದೆ. 'ಇವನಿಗೆ ನಾಲ್ಕು ದಿನದಿಂದ ನಿದ್ದೆ ಇಲ್ಲ. ಏನೇನೋ ಮಾತಾಡುತ್ತಾನೆ. ನಿನ್ನೆ ರಾತ್ರಿ ಫಿಟ್ಸ್ ಬಂತು, ಆಸ್ಪತ್ರೆಗೆ ಸೇರಿಸಿದ್ದೇವೆ. ಡಾಕ್ಟರು ಬೆನ್ನುಮೂಳೆಗೆ ಸೂಜಿ ಹಾಕಿ ನೀರು ತೆಗೆಯಬೇಕು ಅನ್ನುತ್ತಿದ್ದಾರೆ. ಮನೆಯವರ ಒಪ್ಪಿಗೆ ಬೇಕಂತೆ.' ಆ ಕಡೆ ರೂಮಿನ ಸ್ನೇಹಿತ ಉತ್ತರಕ್ಕೆ ಕಾಯುತ್ತಿರುತ್ತಾನೆ. ಈ ಕಡೆ ತಂದೆ, ತಾಯಿ, ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನೆರೆಮನೆಯವರು ಹೇಳುವುದು ಒಂದೇ: 'ಬೆನ್ನಿಗೆ ಸೂಜಿ ಹಾಕಿಸಬೇಡಿ, ಕಾಲು ಹೋಗುತ್ತದೆ.'

ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಸಂಘಗಳ ರಾಜ್ಯೋತ್ಸವ, ಯಕ್ಷಗಾನ, ರಕ್ತದಾನ ಶಿಬಿರಗಳ ಸುದ್ದಿ ಕೊಡುತ್ತೇವೆ. ಈ ವಾರ ಆ ಒಂದು ಕರೆಯ ಬಗ್ಗೆ ಬರೆಯುತ್ತಿದ್ದೇವೆ. ಬೆನ್ನುಹುರಿಯ ದ್ರವದ ಪರೀಕ್ಷೆ ಎಂದರೇನು, ಅದರಲ್ಲಿ ಈಗ ಹುಡುಕುವ 'ಪ್ರತಿಕಾಯ'ಗಳು ಯಾವುವು, ಒಪ್ಪಿಗೆ ತಡವಾದರೆ ಏನಾಗುತ್ತದೆ, ಯುಎಇಯಲ್ಲಿ ರಜೆ ಮತ್ತು ಇನ್ಶೂರೆನ್ಸ್ ಲೆಕ್ಕ ಹೇಗೆ ಎಂಬುದನ್ನು ಮನೆಯವರು ಮೊದಲೇ ತಿಳಿದಿದ್ದರೆ ಆ ರಾತ್ರಿ ನಿರ್ಧಾರ ಸುಲಭವಾಗುತ್ತದೆ.

ಆ ನೀರು ಯಾವುದು?

ಮೆದುಳು ಮತ್ತು ಬೆನ್ನುಹುರಿಯ ಸುತ್ತ ತಿಳಿನೀರಿನಂಥ ದ್ರವ ಸದಾ ಹರಿಯುತ್ತಿರುತ್ತದೆ. ವಯಸ್ಕರಲ್ಲಿ ಇದರ ಪ್ರಮಾಣ ಸುಮಾರು 150 ಮಿಲಿಲೀಟರ್. ದೇಹ ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ತಯಾರಿಸಿ, ಹಳೆಯದನ್ನು ರಕ್ತಕ್ಕೆ ಹಿಂದಿರುಗಿಸುತ್ತದೆ. ಪರೀಕ್ಷೆಗೆ ತೆಗೆಯುವುದು ಸಾಮಾನ್ಯವಾಗಿ 10ರಿಂದ 15 ಮಿಲಿಲೀಟರ್, ಅಂದರೆ ಎರಡು ಮೂರು ಟೀ ಚಮಚದಷ್ಟು. ಅಷ್ಟನ್ನು ದೇಹ ಒಂದು ಗಂಟೆಯೊಳಗೆ ಮತ್ತೆ ತುಂಬಿಕೊಳ್ಳುತ್ತದೆ.

ಸೂಜಿ ಹಾಕುವುದು ಸೊಂಟದ ಭಾಗದಲ್ಲಿ, ಮೂರು ಮತ್ತು ನಾಲ್ಕನೆಯ ಅಥವಾ ನಾಲ್ಕು ಮತ್ತು ಐದನೆಯ ಸೊಂಟದ ಕಶೇರುಗಳ ನಡುವೆ. ವಯಸ್ಕರಲ್ಲಿ ಬೆನ್ನುಹುರಿ ಅದಕ್ಕಿಂತ ಮೇಲೆ, ಒಂದು ಅಥವಾ ಎರಡನೆಯ ಸೊಂಟದ ಕಶೇರಿನ ಮಟ್ಟದಲ್ಲೇ ಮುಗಿದಿರುತ್ತದೆ. ಸೂಜಿ ಹೋಗುವ ಜಾಗದಲ್ಲಿರುವುದು ದ್ರವ ಮತ್ತು ಅದರಲ್ಲಿ ತೇಲುವ ನರಗಳ ಎಳೆಗಳು ಮಾತ್ರ. ಬೆನ್ನುಹುರಿಗೆ ಸೂಜಿ ತಾಗಿ ಕಾಲು ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲದಿರುವುದು ಈ ಕಾರಣಕ್ಕೆ. ಮನೆಯ ಹಿರಿಯ ಹೆಂಗಸರಿಗೆ ಹೀಗೆ ಹೇಳಿದರೆ ಬೇಗ ಅರ್ಥವಾಗುತ್ತದೆ: ಸಿಸೇರಿಯನ್ ಹೆರಿಗೆಗೆ ಬೆನ್ನಿಗೆ ಅರಿವಳಿಕೆ ಚುಚ್ಚುಮದ್ದು ಕೊಡುವುದೂ ಇದೇ ಜಾಗದಲ್ಲಿ.

ಇದು ಹೊಸ ಪ್ರಯೋಗವೂ ಅಲ್ಲ. ಜರ್ಮನಿಯ ವೈದ್ಯ ಹೈನ್ರಿಖ್ ಕ್ವಿಂಕೆ 1891ರಲ್ಲೇ ಈ ವಿಧಾನವನ್ನು ವಿವರಿಸಿದ್ದರು. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಯತ್ತ ಮಡಿಸಿ, ಚರ್ಮ ಮರಗಟ್ಟಿಸಿ ಸೂಜಿ ಹಾಕುತ್ತಾರೆ. ಅರ್ಧ ಗಂಟೆಯ ಕೆಲಸ. ಮುಗಿದ ಮೇಲೆ ಕೆಲವರಿಗೆ ತಲೆನೋವು ಬರುತ್ತದೆ. ಕುಳಿತರೆ ಹೆಚ್ಚು, ಮಲಗಿದರೆ ಕಡಿಮೆ ಎನ್ನುವುದು ಅದರ ಗುರುತು. ಹೆಚ್ಚಿನವರಲ್ಲಿ ಕೆಲವೇ ದಿನಗಳಲ್ಲಿ ವಾಸಿಯಾಗುತ್ತದೆ, ವಾಸಿಯಾಗದಿದ್ದರೆ ಅದಕ್ಕೂ ಚಿಕಿತ್ಸೆ ಇದೆ.

ಎಲ್ಲರಿಗೂ ತಕ್ಷಣ ಮಾಡುವಂತಿಲ್ಲ ಎಂಬುದೂ ನಿಜ. ತಲೆಯೊಳಗೆ ಒತ್ತಡ ಹೆಚ್ಚಿದ ಸೂಚನೆ ಇದ್ದರೆ ವೈದ್ಯರು ಮೊದಲು ಸ್ಕ್ಯಾನ್ ಮಾಡಿಸುತ್ತಾರೆ. ಪ್ಲೇಟ್‌ಲೆಟ್ ಬಹಳ ಕಡಿಮೆ ಇದ್ದರೆ, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ, ಸೂಜಿ ಹಾಕುವ ಜಾಗದಲ್ಲಿ ಸೋಂಕಿದ್ದರೆ ಕಾಯುತ್ತಾರೆ. ಆದ್ದರಿಂದ ರೋಗಿ ಊರಿನಿಂದ ತಂದು ನುಂಗುತ್ತಿದ್ದ ಮಾತ್ರೆಗಳ ಹೆಸರನ್ನು ಮನೆಯವರು ಮರೆಯದೆ ಹೇಳಬೇಕು.

ಮೊದಲು ಸೋಂಕು, ಆಮೇಲೆ ಪ್ರತಿಕಾಯ

ದ್ರವ ಪ್ರಯೋಗಾಲಯಕ್ಕೆ ಹೋದ ದಿನವೇ ಕೆಲವು ಉತ್ತರಗಳು ಬರುತ್ತವೆ. ಬಿಳಿ ರಕ್ತಕಣಗಳು ಎಷ್ಟು, ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು ಎಂದು ನೋಡುತ್ತಾರೆ. ದ್ರವದ ಸಕ್ಕರೆ ಸಾಮಾನ್ಯವಾಗಿ ರಕ್ತದ ಸಕ್ಕರೆಯ ಮೂರರಲ್ಲಿ ಎರಡು ಪಾಲಿನಷ್ಟಿರುತ್ತದೆ. ಅದು ಬಹಳ ಇಳಿದು, ಪ್ರೋಟೀನ್ ಏರಿದ್ದರೆ ಬ್ಯಾಕ್ಟೀರಿಯಾ ಅಥವಾ ಕ್ಷಯದ ಮೆದುಳು ಪೊರೆಯ ಉರಿಯೂತದ ಸಂಶಯ ಬರುತ್ತದೆ. ಹರ್ಪಿಸ್ ವೈರಸ್ ಇದೆಯೇ ಎಂದು ತಿಳಿಯಲು ಪಿಸಿಆರ್ ಮಾಡುತ್ತಾರೆ. ನಮ್ಮ ದೇಶದವರಲ್ಲಿ ಕ್ಷಯ ಹೆಚ್ಚಾಗಿರುವುದರಿಂದ ಈ ಹಂತವನ್ನು ವೈದ್ಯರು ಬಿಡುವುದಿಲ್ಲ. ಸೋಂಕನ್ನು ಗುರುತಿಸದೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಟ್ಟರೆ ಅಪಾಯ ಹೆಚ್ಚು.

ಸೋಂಕಿನ ಪತ್ತೆಯಲ್ಲೂ ಪ್ರತಿಕಾಯಗಳ ಪಾತ್ರವಿದೆ. ಕೋಲಾರ, ಬಳ್ಳಾರಿ, ಮಂಡ್ಯ ಕಡೆಯವರು ಕೇಳಿರುವ ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಮೆದುಳು ಜ್ವರವನ್ನು ಖಚಿತಪಡಿಸಲು ದ್ರವದಲ್ಲಿ ಐಜಿಎಂ ಪ್ರತಿಕಾಯವನ್ನೇ ಹುಡುಕುತ್ತಾರೆ. ದಡಾರ ಬಂದು ಹೋಗಿ ವರ್ಷಗಳಾದ ಮೇಲೆ ಮಕ್ಕಳ ಮೆದುಳಿಗೆ ತಗಲುವ ಎಸ್‌ಎಸ್‌ಪಿಇ ಎಂಬ ಕಾಯಿಲೆಯನ್ನು ಗುರುತಿಸುವುದೂ ದ್ರವದಲ್ಲಿರುವ ದಡಾರದ ಪ್ರತಿಕಾಯದಿಂದಲೇ.

ಕಾವಲುಗಾರನೇ ಮನೆಗೆ ಕಲ್ಲು ಹೊಡೆದಾಗ

ಪ್ರತಿಕಾಯ ಎಂದರೆ ರೋಗಾಣುವನ್ನು ಗುರುತಿಸಿ ಹಿಡಿಯಲು ನಮ್ಮ ದೇಹವೇ ತಯಾರಿಸುವ ಪ್ರೋಟೀನ್. ಕೆಲವರಲ್ಲಿ ಈ ಕಾವಲುಗಾರ ದಾರಿತಪ್ಪಿ ಮೆದುಳಿನ ಕೋಶಗಳನ್ನೇ ಶತ್ರು ಎಂದು ತಿಳಿಯುತ್ತಾನೆ. ಇದಕ್ಕೆ ಆಟೋಇಮ್ಯೂನ್ ಎನ್ಸೆಫಲೈಟಿಸ್ ಎನ್ನುತ್ತಾರೆ. ಇದು ಅಂಟುರೋಗವಲ್ಲ. ಜೊತೆಗಿದ್ದವರಿಗೆ ಹರಡುವುದಿಲ್ಲ.

ಇವುಗಳಲ್ಲಿ ಹೆಚ್ಚು ಪರಿಚಿತವಾದದ್ದು ಎನ್‌ಎಂಡಿಎ ಗ್ರಾಹಕದ ವಿರುದ್ಧದ ಪ್ರತಿಕಾಯದಿಂದ ಬರುವ ಕಾಯಿಲೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಡಾ. ಜೋಸೆಪ್ ದಾಲ್ಮೌ ಮತ್ತು ಸಂಗಡಿಗರು 2007ರಲ್ಲಿ ಈ ಪ್ರತಿಕಾಯವನ್ನು ಗುರುತಿಸಿದರು. ಅದಕ್ಕೆ ಮೊದಲು ಇಂಥ ರೋಗಿಗಳಲ್ಲಿ ಎಷ್ಟೋ ಮಂದಿ ಮಾನಸಿಕ ರೋಗಿಗಳೆಂಬ ಹಣೆಪಟ್ಟಿಯಲ್ಲೇ ಉಳಿದಿರಬಹುದು. ಇದು ಯುವತಿಯರಲ್ಲಿ ಹೆಚ್ಚು, ಪುರುಷರಿಗೂ ಮಕ್ಕಳಿಗೂ ಬರುತ್ತದೆ. ಕೆಲವು ಹೆಣ್ಣುಮಕ್ಕಳಲ್ಲಿ ಅಂಡಾಶಯದ ಗಡ್ಡೆಯೇ ಮೂಲವಾಗಿರುತ್ತದೆ. ಗಡ್ಡೆ ತೆಗೆದರೆ ಗುಣಮುಖರಾಗಲು ನೆರವಾಗುತ್ತದೆ.

2009ರಲ್ಲಿ ನ್ಯೂಯಾರ್ಕ್‌ನ ಪತ್ರಕರ್ತೆ ಸುಸಾನಾ ಕಹಲನ್ ಅವರಿಗೆ ಹೀಗಾಯಿತು. ಆಗ ಅವರಿಗೆ 24 ವರ್ಷ. ಸಂಶಯ, ಭ್ರಮೆ, ಫಿಟ್ಸ್ ಎಲ್ಲವೂ ಕೆಲವೇ ವಾರಗಳಲ್ಲಿ ಕಾಣಿಸಿಕೊಂಡವು. ಒಬ್ಬ ವೈದ್ಯರು ಅತಿಯಾದ ಕುಡಿತ ಎಂದೂ ಭಾವಿಸಿದ್ದರು. ಸಿರಿಯಾ ಮೂಲದ ನರರೋಗ ತಜ್ಞ ಡಾ. ಸುಹೇಲ್ ನಜ್ಜಾರ್ ಅವರು ಕಾಗದದ ಮೇಲೆ ಗಡಿಯಾರ ಬರೆಯಲು ಹೇಳಿದಾಗ ಆಕೆ ಎಲ್ಲ ಅಂಕಿಗಳನ್ನೂ ಒಂದೇ ಬದಿಗೆ ಬರೆದರು. ಉರಿಯೂತ ಮೆದುಳಿನ ಬಲಭಾಗದಲ್ಲಿದೆ ಎಂಬ ಸುಳಿವು ಸಿಕ್ಕಿತು. ಪ್ರತಿಕಾಯ ಪರೀಕ್ಷೆ ರೋಗವನ್ನು ಖಚಿತಪಡಿಸಿತು. ಚಿಕಿತ್ಸೆಯ ಬಳಿಕ ಆಕೆ ಕೆಲಸಕ್ಕೆ ಮರಳಿ, ತಮ್ಮ ಅನುಭವವನ್ನು 2012ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಕ್ಯಾಂಪಿನಲ್ಲಿ ಕಾಣುವುದು ಹೇಗೆ?

ಸೋನಾಪುರದ ಅಥವಾ ಮುಸಫ್ಫಾದ ಕ್ಯಾಂಪಿನಲ್ಲಿ, ಕರಾಮದ ಬೆಡ್ ಸ್ಪೇಸಿನಲ್ಲಿ ಗಡಿಯಾರ ಬರೆಸುವವರು ಯಾರೂ ಇರುವುದಿಲ್ಲ. ನಿದ್ದೆಗೆಟ್ಟು, ಸಿಡುಕಿ, ಯಾರೋ ಹಿಂಬಾಲಿಸುತ್ತಿದ್ದಾರೆ ಎನ್ನುವ ಹುಡುಗನನ್ನು ನೋಡಿದವರು 'ಊರಿನ ನೆನಪು', 'ಸಾಲದ ಚಿಂತೆ', 'ಬಿಸಿಲು ತಲೆಗೆ ಹೊಡೆದಿದೆ' ಎನ್ನುತ್ತಾರೆ. ಊರಿನಲ್ಲಿ 'ಯಾರೋ ಮಾಟ ಮಾಡಿದ್ದಾರೆ', 'ಪ್ರಶ್ನೆ ಇಡಿಸೋಣ' ಎಂಬ ಮಾತು ಬರುತ್ತದೆ. ದೈವಕ್ಕೆ, ದರ್ಗಾಕ್ಕೆ, ಇಗರ್ಜಿಗೆ ಹರಕೆ ಹೊರುವುದಕ್ಕೆ ಯಾರ ತಕರಾರೂ ಇಲ್ಲ. ಹರಕೆ ಹೊತ್ತ ಕೈಯಲ್ಲೇ ಆಸ್ಪತ್ರೆಗೂ ಒಪ್ಪಿಗೆ ಕೊಡಿ ಎಂಬುದಷ್ಟೇ ನಮ್ಮ ಕೋರಿಕೆ.

ವೈದ್ಯರು ಮುಖ್ಯವಾಗಿ ನೋಡುವುದು ವೇಗವನ್ನು. ಮೊದಲು ಸರಿಯಾಗಿದ್ದವರಲ್ಲಿ ಕೆಲವು ದಿನಗಳಿಂದ ಮೂರು ತಿಂಗಳೊಳಗೆ ನೆನಪು, ವರ್ತನೆ, ಎಚ್ಚರದ ಸ್ಥಿತಿ ಬದಲಾದರೆ ಸಂಶಯ ಪಡಬೇಕು. ಅದರ ಜೊತೆ ಫಿಟ್ಸ್, ಬಾಯಿ ಮತ್ತು ಕೈಗಳ ವಿಚಿತ್ರ ಚಲನೆ, ಮಾತು ನಿಲ್ಲುವುದು ಸೇರಿದರೆ ಸಂಶಯ ಬಲವಾಗುತ್ತದೆ. ವಯಸ್ಸಾದವರಲ್ಲಿ ಎಲ್‌ಜಿಐ1 ಎಂಬ ಇನ್ನೊಂದು ಬಗೆಯಿದೆ. ಮುಖದ ಒಂದು ಬದಿ ಮತ್ತು ಅದೇ ಬದಿಯ ಕೈ ಕ್ಷಣಕಾಲ ಸೆಳೆಯುತ್ತದೆ, ದಿನಕ್ಕೆ ಹತ್ತಾರು ಬಾರಿ. ಜೊತೆಗೆ ಮರೆವು, ರಕ್ತದಲ್ಲಿ ಸೋಡಿಯಂ ಇಳಿಕೆ. ಬೇಸಿಗೆಯಲ್ಲಿ ಸೋಡಿಯಂ ಇಳಿದರೆ ಬೆವರಿನ ಕಾರಣ ಎಂದು ಸುಮ್ಮನಾಗುವ ಸಾಧ್ಯತೆ ಇರುತ್ತದೆ. ಆದ್ದರಿಂದ ಆ ಸೆಳೆತವನ್ನು ರೂಮಿನವರು ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸುವುದು ಬಹಳ ಉಪಯುಕ್ತ.

ರಕ್ತ ಸಾಲದೇ?

ಮನೆಯವರು ಕೇಳುವ ನ್ಯಾಯವಾದ ಪ್ರಶ್ನೆ ಇದು. ಉತ್ತರ ಕಾಯಿಲೆಯ ಮೇಲೆ ನಿಂತಿದೆ. ಎನ್‌ಎಂಡಿಎ ವಿಷಯದಲ್ಲಿ ರಕ್ತ ಸಾಲದು. 250 ರೋಗಿಗಳ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರ ಬೆನ್ನುಹುರಿ ದ್ರವದಲ್ಲೂ ಪ್ರತಿಕಾಯ ಸಿಕ್ಕಿತ್ತು. ಆದರೆ ನೂರಕ್ಕೆ ಸುಮಾರು 14 ಮಂದಿಯ ರಕ್ತದಲ್ಲಿ ಸಿಕ್ಕಿರಲಿಲ್ಲ. ರಕ್ತ ಮಾತ್ರ ನೋಡಿದ್ದರೆ ಅವರ ರೋಗ ತಪ್ಪಿಹೋಗುತ್ತಿತ್ತು. ಎಲ್‌ಜಿಐ1ರಲ್ಲಿ ಇದಕ್ಕೆ ವಿರುದ್ಧ, ರಕ್ತದಲ್ಲೇ ಹೆಚ್ಚು ಸಿಗುತ್ತದೆ. ಆದ್ದರಿಂದ ತಜ್ಞರು ಎರಡನ್ನೂ ಒಟ್ಟಿಗೆ ಕಳುಹಿಸುತ್ತಾರೆ.

ಕಣ್ಣಿನ ದೃಷ್ಟಿ ದಿಢೀರನೆ ಮಂಕಾಗಿ, ಕಾಲುಗಳ ಬಲ ಕುಂದುವ ಎನ್‌ಎಂಒ ಎಂಬ ಕಾಯಿಲೆಗೆ ರಕ್ತದಲ್ಲಿ ಅಕ್ವಪೊರಿನ್-4 ಪ್ರತಿಕಾಯ ಹುಡುಕುತ್ತಾರೆ. ಇದಕ್ಕೆ ಸಂಬಂಧಿಸಿದ ಕೆಲಸ ನಮ್ಮ ಕರಾವಳಿಯಲ್ಲೇ ನಡೆದಿದೆ. ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತ್ ಅವರ ನೇತೃತ್ವದಲ್ಲಿ ಇಂಥ ರೋಗಿಗಳ 'ಮಂಗಳೂರು ನೋಂದಣಿ' ರೂಪುಗೊಂಡು, ಪ್ರತಿಕಾಯ ಪರೀಕ್ಷೆಗಳೂ ನಡೆದು, ಅದರ ಫಲಿತಾಂಶಗಳು ಅಂತರರಾಷ್ಟ್ರೀಯ ವೈದ್ಯಕೀಯ ನಿಯತಕಾಲಿಕಗಳಲ್ಲಿ ಪ್ರಕಟವಾಗಿವೆ.

ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಮತ್ತೊಂದು ಬಗೆಯ ಪರೀಕ್ಷೆ. ದ್ರವದಲ್ಲಿ ಇದ್ದು ರಕ್ತದಲ್ಲಿ ಇಲ್ಲದ ಪ್ರತಿಕಾಯಗಳ ಗೆರೆಗಳನ್ನು ನೋಡುತ್ತಾರೆ. 2017ರ ಪರಿಷ್ಕೃತ ಮಾನದಂಡಗಳ ಪ್ರಕಾರ ಈ ಗೆರೆಗಳು ಸಿಕ್ಕರೆ ಎರಡನೆಯ ಬಾರಿ ರೋಗ ಕೆರಳುವವರೆಗೂ ಕಾಯದೆ ರೋಗನಿರ್ಣಯ ಮಾಡಲು ಸಾಧ್ಯ. ಯುಎಇಯಲ್ಲಿ ಈ ರೋಗಿಗಳಿಗಾಗಿ 2022ರಲ್ಲಿ ರಾಷ್ಟ್ರೀಯ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಸ್ಥಾಪನೆಯಾಗಿದೆ.

ವರದಿಗಾಗಿ ಕಾಯಬೇಕೇ?

ಪ್ರತಿಕಾಯ ಪರೀಕ್ಷೆ ಎಲ್ಲ ಆಸ್ಪತ್ರೆಗಳಲ್ಲೂ ನಡೆಯುವುದಿಲ್ಲ. ಮಾದರಿಯನ್ನು ದೊಡ್ಡ ರೆಫರೆನ್ಸ್ ಪ್ರಯೋಗಾಲಯಕ್ಕೆ, ಕೆಲವೊಮ್ಮೆ ಬೇರೆ ದೇಶಕ್ಕೆ ಕಳುಹಿಸಬೇಕಾಗುತ್ತದೆ. ಉತ್ತರ ಬರಲು ಕೆಲವು ದಿನಗಳಿಂದ ವಾರಗಳೇ ಬೇಕಾಗಬಹುದು. ಹೀಗಾಗಿ 2016ರಲ್ಲಿ ತಜ್ಞರ ತಂಡವೊಂದು ಮಾರ್ಗಸೂಚಿ ರೂಪಿಸಿತು. ಲಕ್ಷಣ, ಎಂಆರ್‌ಐ, ಇಇಜಿ ಮತ್ತು ದ್ರವದ ಮೊದಲ ವರದಿ ಹೊಂದಿಕೆಯಾಗಿ, ಬೇರೆ ಕಾರಣಗಳಿಲ್ಲವೆಂದು ಕಂಡರೆ ಪ್ರತಿಕಾಯದ ವರದಿಗೆ ಕಾಯದೆ ಚಿಕಿತ್ಸೆ ಆರಂಭಿಸಬಹುದು ಎಂಬುದು ಅದರ ಸಾರ. ವರದಿ ನೆಗೆಟಿವ್ ಬಂದ ಮಾತ್ರಕ್ಕೆ ರೋಗವಿಲ್ಲ ಎಂದೂ ಹೇಳಲಾಗದು.

ಚಿಕಿತ್ಸೆ ಮೊದಲು ನಾಳದ ಮೂಲಕ ಸ್ಟಿರಾಯ್ಡ್, ಇಮ್ಯುನೋಗ್ಲೋಬ್ಯುಲಿನ್ ಅಥವಾ ಪ್ಲಾಸ್ಮಾ ಬದಲಾವಣೆ. ಅದಕ್ಕೆ ಬಗ್ಗದಿದ್ದರೆ ರಿಟುಕ್ಸಿಮ್ಯಾಬ್‌ನಂಥ ಔಷಧ. 577 ರೋಗಿಗಳನ್ನು ಒಳಗೊಂಡು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷ ಅನುಸರಿಸಿದವರ ಪೈಕಿ ಶೇ 81ರಷ್ಟು ಮಂದಿ ಉತ್ತಮ ಸ್ಥಿತಿ ತಲುಪಿದ್ದರು. ಚಿಕಿತ್ಸೆ ಬೇಗ ಶುರುವಾದವರಿಗೆ ಫಲ ಹೆಚ್ಚು ಎಂಬುದೂ ಅದೇ ಅಧ್ಯಯನದಿಂದ ತಿಳಿಯಿತು. ಒಪ್ಪಿಗೆಗೆ ಊರಿನಲ್ಲಿ ಕಳೆಯುವ ಒಂದೊಂದು ದಿನಕ್ಕೂ ಬೆಲೆ ಇದೆ ಎನ್ನುವುದು ಇದಕ್ಕೇ.

ಆದರೆ ಗುಣವಾಗುವುದು ನಿಧಾನ. ಆಸ್ಪತ್ರೆವಾಸವೇ ವಾರಗಟ್ಟಲೆ ಇರಬಹುದು, ಪೂರ್ತಿ ಚೇತರಿಕೆಗೆ ತಿಂಗಳುಗಳು ಬೇಕು. ಕೊಲ್ಲಿಯ ಕೆಲಸಗಾರನಿಗೆ ಇದರ ಅರ್ಥ ಬೇರೆಯೇ ಇದೆ.

90 ದಿನಗಳ ಲೆಕ್ಕ

ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ಪ್ರೊಬೇಷನ್ ಮುಗಿಸಿದ ಖಾಸಗಿ ವಲಯದ ನೌಕರನಿಗೆ ವರ್ಷಕ್ಕೆ 90 ದಿನಗಳವರೆಗೆ ಅನಾರೋಗ್ಯ ರಜೆ ಇದೆ. ಮೊದಲ 15 ದಿನ ಪೂರ್ಣ ಸಂಬಳ, ನಂತರದ 30 ದಿನ ಅರ್ಧ ಸಂಬಳ, ಉಳಿದ 45 ದಿನ ಸಂಬಳವಿಲ್ಲ. ಕಾಯಿಲೆಯ ವಿಷಯವನ್ನು 3 ಕೆಲಸದ ದಿನಗಳೊಳಗೆ ಕಂಪನಿಗೆ ತಿಳಿಸಿ ವೈದ್ಯಕೀಯ ವರದಿ ಕೊಡಬೇಕು. 90 ದಿನ ಮುಗಿದ ಮೇಲೂ ಕೆಲಸಕ್ಕೆ ಮರಳಲಾಗದಿದ್ದರೆ ಕಂಪನಿ ಕೆಲಸದಿಂದ ತೆಗೆಯಬಹುದು, ಆದರೆ ಸೇವಾವಧಿಯ ಬಾಕಿ ಹಣ ಕೊಡಲೇಬೇಕು. ಮನೆಗೆಲಸದವರಿಗೆ ಪ್ರತ್ಯೇಕ ಕಾನೂನಿದೆ.

ಇಲ್ಲಿ ಒಂದು ಎಚ್ಚರಿಕೆ. ವರ್ತನೆ ಬದಲಾದ ಮೊದಲ ದಿನಗಳಲ್ಲಿ ಕೆಲಸಗಾರ ಹೇಳದೆ ಕೇಳದೆ ಡ್ಯೂಟಿ ತಪ್ಪಿಸುತ್ತಾನೆ, ಸೂಪರ್‌ವೈಸರ್ ಜೊತೆ ಜಗಳವಾಡುತ್ತಾನೆ. ಅದು ಗೈರುಹಾಜರಿ ಅಥವಾ ಅಶಿಸ್ತು ಎಂದು ದಾಖಲಾಗುವ ಮೊದಲೇ ವೈದ್ಯರ ಕಾಗದ ಕಂಪನಿಯ ಕೈಸೇರಬೇಕು. ರೋಗಿಗೆ ಇದು ಸಾಧ್ಯವಿಲ್ಲ. ರೂಮಿನವರೇ ಪಿಆರ್‌ಒಗೆ ಅಥವಾ ಎಚ್‌ಆರ್‌ಗೆ ಬರವಣಿಗೆಯಲ್ಲಿ ತಿಳಿಸಬೇಕು.

ಇನ್ಶೂರೆನ್ಸ್ ವಿಷಯದಲ್ಲೂ ಕಾರ್ಡಿನ ಬಗೆ ಮುಖ್ಯ. ಅಬುಧಾಬಿ ಮತ್ತು ದುಬೈಯಲ್ಲಿ ಆರೋಗ್ಯ ವಿಮೆ ಕಡ್ಡಾಯವಾಗಿ ವರ್ಷಗಳಾಗಿವೆ. 2025ರ ಜನವರಿ 1ರಿಂದ ಉತ್ತರದ ಎಮಿರೇಟುಗಳಿಗೂ ಅದು ವಿಸ್ತರಿಸಿದೆ. ದುಬೈಯಲ್ಲಿ ಕಡಿಮೆ ಸಂಬಳದವರಿಗಿರುವ ಮೂಲ ವಿಮೆಯ ವಾರ್ಷಿಕ ಮಿತಿ 1.5 ಲಕ್ಷ ದಿರ್ಹಮ್. ಐಸಿಯು, ಇಮ್ಯುನೋಗ್ಲೋಬ್ಯುಲಿನ್ ಸೇರಿದರೆ ಈ ಮಿತಿ ಬೇಗ ಮುಗಿಯಬಹುದು. ವಿಶೇಷ ಪರೀಕ್ಷೆಗೆ ವಿಮಾ ಕಂಪನಿಯ ಪೂರ್ವಾನುಮತಿ ಬೇಕಾಗುತ್ತದೆ. ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಮೊದಲ ದಿನವೇ ವಿಚಾರಿಸುವುದು ಒಳ್ಳೆಯದು. ವೀಸಾ ರದ್ದಾದರೆ ಈ ರಕ್ಷಣೆಯೂ ಹೋಗುತ್ತದೆ. 'ವೀಸಾ ಕ್ಯಾನ್ಸಲ್ ಮಾಡಿ ಬೇಗ ಕಳುಹಿಸಿಬಿಡಿ' ಎಂದು ಮನೆಯವರು ಅವಸರಪಡುವ ಮುನ್ನ ಇದನ್ನು ಯೋಚಿಸಬೇಕು.

ಖರ್ಚು ಕೈಮೀರಿದರೆ ದುಬೈಯ ಭಾರತೀಯ ಕಾನ್ಸುಲೇಟ್ ಮತ್ತು ಅಬುಧಾಬಿಯ ರಾಯಭಾರ ಕಚೇರಿಯನ್ನು ಸಂಪರ್ಕಿಸಬಹುದು. ತೀರಾ ಕಷ್ಟದಲ್ಲಿರುವ ಭಾರತೀಯರ ಚಿಕಿತ್ಸೆ ಮತ್ತು ಊರಿಗೆ ಮರಳುವ ವೆಚ್ಚಕ್ಕೆ 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಊರಿನಿಂದಲೇ ಮನೆಯವರು ವಿದೇಶಾಂಗ ಸಚಿವಾಲಯದ 'ಮದದ್' ಮೂಲಕ ದೂರು ದಾಖಲಿಸಬಹುದು. ಅಲ್ಲಿನ ಕನ್ನಡ ಸಂಘಗಳವರನ್ನು ಸಂಪರ್ಕಿಸಿದರೆ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ್ದನ್ನು ಕನ್ನಡದಲ್ಲಿ ಅಥವಾ ತುಳುವಿನಲ್ಲಿ ಮನೆಯವರಿಗೆ ತಿಳಿಸುವವರು ಸಿಗಬಹುದು. ಇಂಥ ಹೊತ್ತಿನಲ್ಲಿ ಅದು ಹಣದಷ್ಟೇ ದೊಡ್ಡ ನೆರವು.

ಊರಿಗೆ ಬಂದ ಮೇಲೆ

ಊರಿಗೆ ಕರೆತಂದು ಚಿಕಿತ್ಸೆ ಮುಂದುವರಿಸುವುದಾದರೆ ಬೆಂಗಳೂರಿನ ನಿಮ್ಹಾನ್ಸ್ ನಮ್ಮ ದೊಡ್ಡ ಆಸರೆ. 1974ರಲ್ಲಿ ರೂಪುಗೊಂಡ ಈ ಸಂಸ್ಥೆ 2012ರಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆ. ನರರೋಗ ಮತ್ತು ಮನೋರೋಗ ವಿಭಾಗಗಳು ಒಂದೇ ಆವರಣದಲ್ಲಿರುವುದು ಇಂಥ ಕಾಯಿಲೆಗೆ ಅನುಕೂಲ. ಪ್ರತಿಕಾಯ ಪರೀಕ್ಷೆಗಳೂ ಅಲ್ಲಿ ನಡೆಯುತ್ತವೆ.

ರೋಗಿ ವಿಮಾನ ಹತ್ತುವ ಮೊದಲು ವೈದ್ಯರ ಅನುಮತಿ ಪತ್ರ ಬೇಕು. ಇತ್ತೀಚೆಗೆ ಫಿಟ್ಸ್ ಬಂದಿದ್ದರೆ ಜೊತೆಗೊಬ್ಬರು ಇರಲೇಬೇಕು. ಕೈಚೀಲದಲ್ಲಿ ಈ ಕಾಗದಗಳಿರಲಿ: ಡಿಸ್ಚಾರ್ಜ್ ಸಮರಿ, ದ್ರವದ ಪರೀಕ್ಷೆಯ ಪೂರ್ಣ ವರದಿ, ಎಂಆರ್‌ಐ ಚಿತ್ರಗಳ ಸಿಡಿ, ಇಇಜಿ ವರದಿ, ಕೊಟ್ಟ ಔಷಧಗಳ ದಿನಾಂಕ ಮತ್ತು ಪ್ರಮಾಣ. ಪ್ರತಿಕಾಯದ ವರದಿ ಇನ್ನೂ ಬಂದಿರದಿದ್ದರೆ ಯಾವ ಪ್ರಯೋಗಾಲಯಕ್ಕೆ, ಯಾವ ದಿನ ಕಳುಹಿಸಿದರು ಎಂಬುದನ್ನು ಬರೆಸಿಕೊಳ್ಳಬೇಕು. ಸ್ಟಿರಾಯ್ಡ್, ಫಿಟ್ಸ್ ಮಾತ್ರೆಗಳನ್ನು ಊರು ತಲುಪಿದ ಖುಷಿಯಲ್ಲಿ ಏಕಾಏಕಿ ನಿಲ್ಲಿಸಬಾರದು.

ಫೋನಿನಲ್ಲಿ ಕೇಳಬೇಕಾದ ಐದು ಪ್ರಶ್ನೆ

ಒಂದು, ವೈದ್ಯರು ಯಾವ ಕಾಯಿಲೆಯ ಸಂಶಯದಿಂದ ದ್ರವ ತೆಗೆಯುತ್ತಿದ್ದಾರೆ? ಎರಡು, ಸೂಜಿ ಹಾಕುವ ಮುನ್ನ ಸ್ಕ್ಯಾನ್, ಪ್ಲೇಟ್‌ಲೆಟ್ ನೋಡಿದ್ದಾರೆಯೇ? ಮೂರು, ಸೋಂಕಿನ ಪರೀಕ್ಷೆಗಳ ಜೊತೆ ಪ್ರತಿಕಾಯಕ್ಕೂ ಮಾದರಿ ಕಳುಹಿಸುತ್ತಾರೆಯೇ, ರಕ್ತವನ್ನೂ ಕಳುಹಿಸುತ್ತಾರೆಯೇ? ನಾಲ್ಕು, ವರದಿ ಬರುವವರೆಗೆ ಯಾವ ಚಿಕಿತ್ಸೆ ನಡೆಯುತ್ತದೆ? ಐದು, ಕಂಪನಿಗೆ ಮತ್ತು ಇನ್ಶೂರೆನ್ಸಿಗೆ ಯಾರು ತಿಳಿಸಿದ್ದಾರೆ?

ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಸಹಿತ ಬರೆದಿಡಿ. ಮನೆಯಿಂದ ಒಬ್ಬರೇ ಮಾತನಾಡಿ. ಹತ್ತು ಜನ ಹತ್ತು ಕರೆ ಮಾಡಿದರೆ ಅಲ್ಲಿರುವ ಸ್ನೇಹಿತನೂ ದಣಿಯುತ್ತಾನೆ, ಮಾತೂ ಗೊಂದಲವಾಗುತ್ತದೆ. ಕೊಲ್ಲಿಗೆ ಹೊರಟಿರುವ ಮಕ್ಕಳು ಪಾಸ್‌ಪೋರ್ಟ್ ಪ್ರತಿಯ ಜೊತೆಗೆ ಎಮಿರೇಟ್ಸ್ ಐಡಿ, ಇನ್ಶೂರೆನ್ಸ್ ಕಾರ್ಡ್, ರೂಮಿನ ಇಬ್ಬರ ನಂಬರ್, ಕಂಪನಿಯ ಪಿಆರ್‌ಒ ನಂಬರನ್ನು ಮನೆಗೆ ಕಳುಹಿಸಿಡಲಿ. ಬೇಕಾಗದಿದ್ದರೆ ಬಹಳ ಒಳ್ಳೆಯದು. ಬೇಕಾದ ದಿನ ಹುಡುಕಲು ಸಮಯ ಇರುವುದಿಲ್ಲ.